ಗುಡ್ಡದ ಬಸ್ತಿಯಲ್ಲಿ ಮನೆ ಎಣಿಸಿದ್ದು

ಮನೆ ಎಣಿಸಲು ಹೋದವರಿಗೆ ಕೆಳಗೆ ಹೇಳುವಂಥ ಪ್ರಸಂಗಗಳು ದಿನಕ್ಕೊಂದಾದರೂ ಆಗುತ್ತವೆ. ಮೊದಲ ವಾರ ಇವನ್ನು ಅಡಚಣೆ ಎಂದುಕೊಂಡೆ. ಎರಡನೆಯ ವಾರದಿಂದ ನೋಟ್‌ಬುಕ್ಕಿನ ಬಲಪುಟದಲ್ಲಿ ಅಳತೆ, ಎಡಪುಟದಲ್ಲಿ ಇವು ಎಂದು ವಿಂಗಡಿಸಿದೆ. ತಿಂಗಳ ಕೊನೆಗೆ ಎಡಪುಟಗಳೇ ಮೊದಲು ತುಂಬಿದವು.

ನಾನು ಫಿಸಿಕ್ಸಿನಲ್ಲಿ ಬಿ.ಎಸ್ಸಿ. ಹುಟ್ಟಿ ಬೆಳೆದದ್ದು ಚೆಂಬೂರಿನ ಒಂದು ಕಾಲನಿಯಲ್ಲಿ. ಮನೆಯೊಳಗೆ ತುಳು, ಮೆಟ್ಟಿಲಿಳಿದರೆ ಹಿಂದಿ, ಬಸ್ಸಿನಲ್ಲಿ ಮರಾಠಿ. ಕನ್ನಡ ಬಂದದ್ದು ಅಮ್ಮ ತರಿಸುವ ವಾರಪತ್ರಿಕೆಯಿಂದ. ಕೆಲಸ ಸಿಕ್ಕಿದ್ದು ಒಂದು ಸರ್ವೇ ಏಜೆನ್ಸಿಯಲ್ಲಿ. ಸಂದರ್ಶನದಲ್ಲಿ ಸಾಹೇಬರು ಎರಡೇ ಪ್ರಶ್ನೆ ಕೇಳಿದರು. "ಟೇಪು ಹಿಡಿಯಲು ಬರುತ್ತದಾ? ಕನ್ನಡ ಬರುತ್ತದಾ?" ಎರಡಕ್ಕೂ ಹೌದೆಂದೆ. ಎರಡನೆಯದು ಅರ್ಧ ಮಾತ್ರ ನಿಜ ಎಂದು ಮೊದಲ ದಿನವೇ ಗೊತ್ತಾಯಿತು. ನಾವು ಎಣಿಸಬೇಕಿದ್ದ ಬಸ್ತಿಯವರು, ಅಂದರೆ ಆ ಕೊಳೆಗೇರಿಯ ಜನ, ವಿಜಯಪುರ, ಕಲಬುರಗಿ ಕಡೆಯವರು. ನನ್ನ ಕನ್ನಡ ಕೇಳಿದ ಒಬ್ಬ ಅಜ್ಜಿ, "ಪಾಪ, ಪುಸ್ತಕ ಓದಿದಂಗ ಮಾತಾಡತೈತಿ ಕೂಸು" ಎಂದು ಕರೆದು ಚಹಾ ಕೊಟ್ಟಳು.

ಕೆಲಸ ಸರಳ. ರಿಫೈನರಿಯ ಹಿಂದೆ ಒಂದು ಗುಡ್ಡ. ಗುಡ್ಡದ ತುಂಬ ಮನೆ. ಮಳೆಗಾಲದಲ್ಲಿ ಮಣ್ಣು ಜಾರುತ್ತದೆ. ಆದ್ದರಿಂದ ಅಲ್ಲಿನವರಿಗೆ ಕೆಳಗೆ ಬಿಲ್ಡಿಂಗ್ ಕಟ್ಟಿ ಫ್ಲ್ಯಾಟ್ ಕೊಡುವ ಯೋಜನೆ. ಅದಕ್ಕೆ ಮೊದಲು ಪ್ರತಿ ಬಾಗಿಲಿಗೆ ಒಂದು ನಂಬರು, ಒಳಗಿನ ಅಳತೆ, ಬಾಗಿಲಲ್ಲಿ ನಿಂತ ಮನೆಯವರ ಫೋಟೋ. ಹೆಸರು ಪಟ್ಟಿಯಲ್ಲಿದ್ದರೆ ಫ್ಲ್ಯಾಟ್. ಇಲ್ಲದಿದ್ದರೆ ಗುಡ್ಡ.

ನನ್ನ ಜೊತೆ ನಂಬರು ಬರೆಯಲು ಪೇಂಟರ್ ಕಾಕಾ ಇದ್ದರು. ಹಿಂದೆ ಸಿನಿಮಾ ಬೋರ್ಡು ಬರೆಯುತ್ತಿದ್ದ ಮರಾಠಿಯವರು. ಹಳೆಯ ಅಭ್ಯಾಸ ಬಿಡಲಾಗದೆ ಪ್ರತಿ ಅಂಕಿಗೂ ನೆರಳು ಹಾಕುತ್ತಿದ್ದರು.

೧. ಮೂರು ಒಲೆ

ಕೈಪಿಡಿಯಲ್ಲಿ ಒಂದು ನಿಯಮವಿತ್ತು. ಪ್ರತ್ಯೇಕ ಒಲೆ ಇದ್ದರೆ ಪ್ರತ್ಯೇಕ ಕುಟುಂಬ. ಇದನ್ನು ನಾನು ಮೊದಲನೆಯ ಗಲ್ಲಿಯಲ್ಲಿ ಎಲ್ಲರಿಗೂ ಕೇಳುವಂತೆ ಓದಿದೆ. ಅದು ತಪ್ಪು. ಮರುದಿನ ಎರಡನೆಯ ಗಲ್ಲಿಗೆ ಹೋದಾಗ ಪ್ರತಿ ಮನೆಯಲ್ಲೂ ಕನಿಷ್ಠ ಎರಡು ಒಲೆ.

ಒಂದು ಮನೆ ಹತ್ತಡಿ ಉದ್ದ, ಎಂಟಡಿ ಅಗಲ. ಒಳಗೆ ಮೂರು ಒಲೆ. ಆ ಮನೆಯ ಅತ್ತೆ ಮೊದಲೇ ಸಿದ್ಧಳಾಗಿ ನಿಂತಿದ್ದಳು.

"ಇದು ಯಾರದು?"

"ನಂದು."

"ಇದು?"

"ದೊಡ್ಡ ಮಗಂದು. ನಾವು ಬ್ಯಾರೆ ಆಗೇವ್ರಿ. ಮಾತಿಲ್ಲ, ಕತಿಯಿಲ್ಲ."

ಹಿಂದಿನಿಂದ ಸೊಸೆ ಕೇಳಿದಳು: "ಅತ್ತೀ, ಬ್ಯಾಳಿಗೆ ಉಪ್ಪು ಹಾಕೀರೇನು?"

ಅತ್ತೆ ತಿರುಗಿ ದುರುಗುಟ್ಟಿ ನೋಡಿದಳು. "ರಾತ್ರಿ ಹೇಳಿಲ್ಲೇನ ನಿನಗ, ನಾವು ಮಾತಾಡಂಗಿಲ್ಲಂತ!"

ಮೂರನೆಯ ಒಲೆ ಮೂಲೆಯಲ್ಲಿತ್ತು. ಫಳಫಳ ಹೊಳೆಯುತ್ತಿತ್ತು. ಕಂಪನಿಯ ಸ್ಟಿಕ್ಕರ್ ಇನ್ನೂ ಹೋಗಿರಲಿಲ್ಲ. ಅದು ಸಣ್ಣ ಮಗನದಂತೆ. ನಾನು ಬಗ್ಗಿ ನೋಡಿದೆ. ಮಸಿ ಇಲ್ಲ.

"ಇದರ ಮೇಲೆ ಇವತ್ತು ಏನು ಅಡುಗೆ?"

ಅತ್ತೆ ಸ್ವಲ್ಪ ಯೋಚಿಸಿದಳು. "ಇವತ್ತು ಅಂವಂದು ಉಪವಾಸ."

"ನಿನ್ನೆ?"

"ನಿನ್ನೀನೂ."

ಅದೇ ಹೊತ್ತಿಗೆ ಸಣ್ಣ ಮಗ ವಡಾಪಾವ್ ಅಗಿಯುತ್ತ ಒಳಗೆ ಬಂದ. ನಾನು ಅತ್ತೆಯ ಮುಖ ನೋಡಿದೆ. ಅವಳು ಒಂದಿಷ್ಟೂ ಕದಲಲಿಲ್ಲ. "ನೋಡ್ರಿ, ಮನ್ಯಾಗ ಉಣ್ಣಂಗಽ ಇಲ್ಲ. ಇದಕ್ಕಿಂತ ಬ್ಯಾರೆ ಕುಟುಂಬ ಇನ್ನೇನ್ ಬೇಕ್ರಿ?"

ಹೊರಗೆ ಬಂದಾಗ ಕಾಕಾ ಮೆಲ್ಲಗೆ ಹೇಳಿದರು. "ಆ ಸ್ಟಿಕ್ಕರಿನ ಒಲೆ ಈಗಷ್ಟೇ ನೋಡಿಬಂದ ಮನೆಯಲ್ಲೂ ಇತ್ತು. ನಾನು ಅದರ ತಳಕ್ಕೆ ಸಣ್ಣ ನಂಬರು ಬರೆದಿದ್ದೇನೆ."

ಅಲ್ಲಿಂದ ಮುಂದೆ ನಾನು ಪ್ರತಿ ಹೊಸ ಒಲೆಯನ್ನೂ ಎತ್ತಿ ನೋಡಿದೆ. ಸಂಜೆ ಲೆಕ್ಕ ಹಾಕಿದಾಗ ಆ ಒಂದು ಒಲೆ ನಾಲ್ಕು ಕುಟುಂಬ ನಡೆಸುತ್ತಿತ್ತು. ನೆರಳು ಸಮೇತ ನಂಬರು ಇತ್ತು, ತಪ್ಪಾಗಲು ಸಾಧ್ಯವಿಲ್ಲ.

೨. ಪ್ರಾಮಾಣಿಕ ಉತ್ತರ

ನಮಗೆ ಕೂರಲು ಬಸ್ತಿಯಲ್ಲಿ ಜಾಗ ಸಿಕ್ಕಿದ್ದು ಸಾರ್ವಜನಿಕ ಶೌಚಾಲಯದಲ್ಲಿ. ಇದರಲ್ಲಿ ಅವಮಾನವೇನಿಲ್ಲ. ಆ ಗುಡ್ಡದಲ್ಲಿ ಟೈಲ್ಸು, ಫ್ಯಾನು, ನೇರವಾದ ಗೋಡೆ ಇರುವ ಕಟ್ಟಡ ಅದೊಂದೇ. ಮುಂಭಾಗದ ಕೋಣೆಯಲ್ಲಿ ಸಂಜೆ ಟ್ಯೂಷನ್ ಕ್ಲಾಸು. ಬೆಳಗ್ಗೆ ಅಲ್ಲಿ ನಮ್ಮ ಮೇಜು.

ತೊಂದರೆ ಒಂದೇ. ಒಳಗೆ ಬರಲು ಬಾಗಿಲು ಒಂದೇ ಆದ್ದರಿಂದ ಸರ್ವೇಯ ಸಾಲು, ಶೌಚಾಲಯದ ಸಾಲು ಎರಡೂ ಒಟ್ಟಿಗೆ ಶುರುವಾಗಿ, ಒಳಗೆ ಬಂದ ಮೇಲೆ ಬೇರೆಯಾಗಬೇಕಿತ್ತು. ನಾನು ನೆಲದ ಮೇಲೆ ಬಾಣದ ಗುರುತು ಬರೆಸಿದ್ದೆ. ಅದರ ಮೇಲೆ ಜನ ನಿಂತಿದ್ದರಿಂದ ಯಾರಿಗೂ ಕಾಣುತ್ತಿರಲಿಲ್ಲ.

ಒಂದು ಬೆಳಗ್ಗೆ ದಪ್ಪ ಮೀಸೆಯವನೊಬ್ಬ ನನ್ನೆದುರು ಬಂದು ನಿಂತ. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದ.

"ಹೆಸರು?"

ಹೇಳಿದ.

"ಊರು? ಮುಂಬೈಗೆ ಬಂದದ್ದು ಯಾವಾಗ?"

ಎಲ್ಲಾ ಹೇಳಿದ. ಬೇಗ ಬೇಗ ಹೇಳಿದ.

"ಮನೆ ಸ್ವಂತವಾ, ಬಾಡಿಗೆಯಾ?"

"ಬಾಡಿಗಿ, ಬಾಡಿಗಿ."

ನಾನು ಬೆರಗಾದೆ. ಬಾಡಿಗೆ ಎಂದರೆ ಫ್ಲ್ಯಾಟ್ ಸಿಗಲಿಕ್ಕಿಲ್ಲ ಎಂಬ ಭಯ ಎಲ್ಲರಿಗೂ; ಅಷ್ಟು ದಿನದಲ್ಲಿ ಹಾಗೆಂದು ಒಪ್ಪಿಕೊಂಡ ಮೊದಲ ಮನುಷ್ಯ. "ಊರಲ್ಲಿ ಹೊಲ ಇದೆಯಾ?"

"ಐತಿ. ನಾಕ ಎಕರೆ. ಒಂದು ಬಾವಿ. ಎರಡ ಎಮ್ಮಿ. ಇನ್ನೇನ್ ಕೇಳೋದೈತಿ ಲಗೂ ಕೇಳ್ರಿ!"

ಎಲ್ಲಾ ತುಂಬಿ ಸಹಿ ಹಾಕಿಸಿದೆ. ಕಾಗದದ ಪ್ರತಿ ಕೈಗೆ ಕೊಟ್ಟೆ. ಅವನು ಅದನ್ನು ಎದೆಗೆ ಒತ್ತಿಕೊಂಡು, ಹಣೆಯ ಬೆವರು ಒರೆಸಿಕೊಂಡು ಕೇಳಿದ: "ಈಗರ ಹೋಗ್ಲೇನ್ರಿ ಸಂಡಾಸಕ್ಕ?"

ಹೊಸ ನಿಯಮ ಬಂದಿದೆ ಎಂದುಕೊಂಡಿದ್ದನಂತೆ. ಇಡೀ ಸರ್ವೇಯಲ್ಲಿ ಅಷ್ಟು ಪ್ರಾಮಾಣಿಕ ಉತ್ತರ ಬೇರೆ ಯಾರಿಂದಲೂ ಬರಲಿಲ್ಲ. ಎಲ್ಲರನ್ನೂ ಇದೇ ಸ್ಥಿತಿಯಲ್ಲಿ ಕೇಳಬೇಕು ಎಂದು ಸಾಹೇಬರಿಗೆ ಸಲಹೆ ಕೊಟ್ಟೆ. ಅವರು ಒಪ್ಪಲಿಲ್ಲ.

೩. ಗಲ್ಲಿ ಬೆಳೆದದ್ದು

ಗಟಾರ ರಿಪೇರಿಗೆಂದು ಮೂರನೆಯ ಗಲ್ಲಿಯನ್ನು ಒಂದು ಕಡೆ ಅಗೆದಿದ್ದರು. ಅಗೆದ ಬದಿಯಲ್ಲಿ ಕಲ್ಲು, ಸಿಮೆಂಟಿನ ಪದರಗಳು ಒಂದರ ಮೇಲೊಂದು ಸ್ಪಷ್ಟವಾಗಿ ಕಾಣುತ್ತಿದ್ದವು. ನನಗೆ ಇಂಥದು ಕಂಡರೆ ಬಿಡಲಾಗುವುದಿಲ್ಲ. ಕುಳಿತು ಎಣಿಸಿದೆ. ಐದು.

ಎದುರಿನ ಮನೆಯ ಟೇಲರ್ ಮಾಮಾ ಹೊಲಿಗೆ ಯಂತ್ರ ನಿಲ್ಲಿಸಿ ಇತಿಹಾಸ ಹೇಳಿದರು. "ಅಡಿಗಿಂದು ನಾವ ಹಾಕಿದ ಕಲ್ಲು. ಅದರ ಮ್ಯಾಲಿಂದು ಒಬ್ಬಾಂವ ಆರಿಸಿ ಬಂದಾಗ ಹಾಕಿಸಿದ್ದು. ಅದರ ಮ್ಯಾಲಿಂದು ಅವನ್ನ ಸೋಲಿಸಿದಾಂವಂದು. ಅದರ ಮ್ಯಾಲಿಂದು ಮತ್ತ ಮೊದಲಿನಾಂವ ಗೆದ್ದು ಬಂದು ಸೇಡು ತೀರಿಸಿಕೊಂಡದ್ದು. ಎಲ್ಲಾಕ್ಕಿಂತ ಮ್ಯಾಲಿಂದು ಈಗಿನಾಂವಂದು."

"ಹಳೆಯದನ್ನು ಒಡೆದು ಹಾಕಬಹುದಿತ್ತಲ್ಲ?"

"ಒಡದ್ರ ಹಳೇ ಸಾಹೇಬರ ಮಂದಿ ಬಿಡ್ತಾರೇನ್ರಿ? ಎಲ್ಲಾರೂ ಮ್ಯಾಲಽ ಹಾಕ್ಯಾರ."

"ನೀವು ಬೇಡ ಎನ್ನಲಿಲ್ಲವಾ?"

"ಸುಧಾರಣಾ ಬ್ಯಾಡ ಅನ್ನಾಕ ಬರತೈತೇನ್ರಿ?"

ಟೇಪು ಇಳಿಬಿಟ್ಟು ನೋಡಿದೆ. ಗಲ್ಲಿ ಮೇಲೆ ಬಂದಿತ್ತು, ಮನೆಗಳು ಇದ್ದಲ್ಲೇ ಇದ್ದವು. ಮೊದಲು ಮೂರು ಮೆಟ್ಟಿಲು ಹತ್ತಿ ಬರಬೇಕಿದ್ದ ಟೇಲರ್ ಮಾಮಾನ ಮನೆಗೆ ಈಗ ಎರಡು ಮೆಟ್ಟಿಲು ಇಳಿದು ಬರಬೇಕು. ಅವರು ಕುಳಿತಲ್ಲಿಂದ ಗಲ್ಲಿಯಲ್ಲಿ ಹೋಗುವವರ ಮೊಣಕಾಲಿನ ಕೆಳಗೆ ಮಾತ್ರ ಕಾಣುತ್ತದೆ.

"ವ್ಯಾಪಾರಕ್ಕೆ ತೊಂದರೆ ಆಗಲಿಲ್ಲವಾ?"

"ಮೊದಲು ಅಂಗಿ, ಪ್ಯಾಂಟು ಎರಡೂ ಹೊಲೀತಿದ್ದೆ" ಎಂದರು ಮಾಮಾ. "ಈಗ ಗಿರಾಕಿದು ಮ್ಯಾಲಿನ ಭಾಗ ಕಾಣಂಗಿಲ್ಲ. ಹಿಂಗಾಗಿ ಪ್ಯಾಂಟ್ ಅಷ್ಟ ಹೊಲೀತೀನಿ."

೪. ಬೀಗ

ಇನ್ನೊಂದು ನಿಯಮ. ಒಂದು ಮನೆಗೆ ಮೂರು ಬೇರೆ ಬೇರೆ ದಿನ ಹೋಗಬೇಕು. ಮೂರು ಸಲವೂ ಬೀಗವಿದ್ದರೆ 'ಬೀಗ' ಎಂದು ಬರೆದು ಕೈಬಿಡಬೇಕು.

ಮೂರನೆಯ ಗಲ್ಲಿಯ ತುದಿಯಲ್ಲಿ ಅಂಥದೊಂದು ಮನೆ. ಮೊದಲ ದಿನ ಬಡಿದೆವು. ಬೀಗ. ಎರಡನೆಯ ದಿನ ಬಡಿದೆವು. ಬೀಗ. ಮೂರನೆಯ ದಿನ ಬಡಿಯುವಾಗ ಒಳಗಿನಿಂದ ಜೋಳದ ರೊಟ್ಟಿಯ ವಾಸನೆ ಬಂತು. ತಟ್ಟುವ ಸದ್ದೂ ಬಂತು. ಕಾಕಾ ನನ್ನ ಮುಖ ನೋಡಿದರು. ಹೊರಗೆ ಬೀಗವಿರುವ ಮನೆಯೊಳಗೆ ಜನ ಇರಲಾರರು, ಆದ್ದರಿಂದ ಸದ್ದು ಪಕ್ಕದ ಮನೆಯದು ಎಂದು ನಾನು ತರ್ಕಿಸಿದೆ. 'ಬೀಗ' ಎಂದು ಬರೆದೆ.

ಮೊದಲ ಪಟ್ಟಿ ಗೋಡೆಗೆ ಅಂಟಿಸಿದ ಬೆಳಗ್ಗೆ ಒಬ್ಬ ಹೆಂಗಸು ನನ್ನ ಮೇಜಿನ ಮುಂದೆ ಬಂದು ನಿಂತಳು. ಕೈಗೆ ಮೊಣಕೈವರೆಗೂ ಹಿಟ್ಟು. ಊರಿನಿಂದ ಒಂಟಿಯಾಗಿ ಬಂದು ದುಡಿಯುವ ಗಂಡಸರಿಗೆ ರೊಟ್ಟಿ ಮಾಡಿಕೊಡುವವಳು. ಬಸ್ತಿಗೆಲ್ಲ ರೊಟ್ಟಿ ಅಕ್ಕ.

"ನನ್ನ ಮನಿ ಯಾಕಿಲ್ಲ ಇದರಾಗ?"

"ಬೀಗ ಇತ್ತು."

"ಬೀಗ ಆರ ವರ್ಷದಿಂದ ಐತಿ. ನಾ ಒಳಗ ಇದ್ದೆ."

"ಮೂರು ಸಲ ಬಡಿದೆವು ಅಕ್ಕ."

"ಕೇಳಿಸ್ತು."

"ಮತ್ತೆ ಬರಲಿಲ್ಲ ಯಾಕೆ?"

ಅಕ್ಕ ನನ್ನನ್ನು ಕರುಣೆಯಿಂದ ನೋಡಿದಳು. "ತಂಗಿ, ಬಾಗಲಾ ಬಡ್ಯಾವ್ರು ಯಾರೋ ಹೊಸಬರು, ಮನಿ ತಪ್ಪಿ ಬಂದವರು. ನಮ್ಮ ಮನಿಗೆ ಬರೋರು ಕಿಟಕಿ ಬಡೀತಾರ."

ಹೋಗಿ ನೋಡಿದೆ. ಬಾಗಿಲು ಹೊರಕ್ಕೆ ತೆರೆಯುವಂಥದು. ಐದನೆಯ ಪದರ ಬಿದ್ದ ದಿನ ಅದರ ಬುಡ ಸಿಮೆಂಟಿನಲ್ಲಿ ಹುಗಿದುಹೋಗಿತ್ತು. ಅಂದಿನಿಂದ ಅದಕ್ಕೊಂದು ಬೀಗ. ಪಕ್ಕದ ಕಿಟಕಿಯ ಸರಳು ಕಿತ್ತು, ಹೊರಗೊಂದು ಕಲ್ಲು, ಒಳಗೆರಡು ಇಟ್ಟಿಗೆ ಇಟ್ಟು, ಅದೇ ಓಡಾಟದ ದಾರಿ. ಅವಳ ಗಂಡ ಗಾರೆ ಕೆಲಸದ ಗೌಂಡಿ. ಪನ್ವೇಲ್ ಕಡೆ ಸೈಟಿನಲ್ಲಿ ಕೆಲಸ, ವಾರಕ್ಕೊಮ್ಮೆ ಬರುತ್ತಾನೆ. "ಮಂದಿಗೆಲ್ಲಾ ಇಪ್ಪತ್ತು ಮಾಳಿಗಿ ಕಟ್ಟಿಕೊಡತಾನ. ನನಗ ಎರಡ ಇಟ್ಟಂಗಿ" ಎಂದಳು ಅಕ್ಕ.

ಆಮೇಲೆ ನನ್ನನ್ನು ಒಳಗೆ ಕರೆದು ಹಿಂದಿನ ಗೋಡೆ ತೋರಿಸಿದಳು. ಗೋಡೆಯ ಆಚೆ ಗುಡ್ಡದ ಮಣ್ಣು. ಗೋಡೆ ಒಳಕ್ಕೆ ಬಾಗಿತ್ತು. "ಮಳಿಗಾಲದಾಗ ಇದಕ್ಕ ಬೆನ್ನು ಹಚ್ಚಿ ಕೂಡತೀನಿ ತಂಗಿ, ಸರದ್ರ ಗೊತ್ತಾಗಲಿ ಅಂತ. ಆ ಬಿಲ್ಡಿಂಗಿನ್ಯಾಗ ಒಂದು ಮನಿ ಬಂದ್ರ ಸಾಕು."

'ಬೀಗ' ಎಂದು ಬರೆದವಳು ನಾನು. ಅಲ್ಲೇ ನಿಂತು ಸಾಹೇಬರಿಗೆ ಫೋನ್ ಮಾಡಿದೆ. ವಿವರ ತುಂಬಲು ಏಜೆನ್ಸಿ ಕೊಟ್ಟಿದ್ದ ಟ್ಯಾಬಿನ ಫಾರ್ಮಿನಲ್ಲಿ ಮುಖ್ಯದ್ವಾರಕ್ಕೆ ನಾಲ್ಕೇ ಆಯ್ಕೆ: ಮರ, ಕಬ್ಬಿಣ, ಶಟರು, ಪರದೆ.

"ಸರ್, ಕಿಟಕಿ ಎಂದು ಬರೆಯಬಹುದಾ?"

"ಕಿಟಕಿ ಬಾಗಿಲಾಗುತ್ತದಾ? ಬಾಗಿಲು ಇಲ್ಲದ್ದು ಮನೆ ಅಲ್ಲ."

"ಬಾಗಿಲು ಇದೆ ಸರ್. ತೆರೆಯುವುದಿಲ್ಲ ಅಷ್ಟೆ."

"ಹಾಗಾದರೆ ನೀವು 'ಬೀಗ' ಎಂದು ಬರೆದದ್ದು ಸರಿಯಾಗಿಯೇ ಇದೆಯಲ್ಲ! ಶಾಬಾಶ್" ಎಂದರು ಸಾಹೇಬರು.

ಒಂದೇ ದಾರಿ ಉಳಿದಿತ್ತು. ಪಟ್ಟಿ ಮುಚ್ಚುವ ದಿನ ಸರ್ಕಾರದ ಅಧಿಕಾರಿಯೊಬ್ಬರು ತಕರಾರು ನೋಡಲು ಖುದ್ದಾಗಿ ಬರುತ್ತಾರೆ. ಅವರ ಕಣ್ಣೆದುರು ಬಾಗಿಲು ತೆರೆಯಬೇಕು, ಮನೆಯವರು ಒಳಗಿನಿಂದ ಹೊರಗೆ ಬರಬೇಕು. ಅವರು ಕಾಗದದ ಮೇಲೆ ಬರೆದು ಸಹಿ ಮಾಡಿದರೆ ಟ್ಯಾಬು ಏನೇ ಹೇಳಲಿ, ಮನೆ ಪಟ್ಟಿಗೆ ಸೇರುತ್ತದೆ.

೫. ಸೀಮೆಸುಣ್ಣದ ಫ್ಲ್ಯಾಟ್

ಆ ದಿನಕ್ಕೆ ಇನ್ನೂ ಒಂದು ವಾರವಿತ್ತು. ನಡುವೆ ಮೇಲಿನಿಂದ ಆದೇಶ ಬಂತು. ಫ್ಲ್ಯಾಟ್ ಹೇಗಿರುತ್ತದೆಂದು ಜನರಿಗೆ ತಿಳಿಸಿ. ನಕಾಶೆ ತೋರಿಸಿದರೆ ಯಾರಿಗೂ ಅರ್ಥವಾಗಲಿಲ್ಲ. ಅದಕ್ಕೆ ನಾನು ಗುಡ್ಡದ ಕೆಳಗಿನ ಮೈದಾನದಲ್ಲಿ ಫ್ಲ್ಯಾಟನ್ನು ನಿಜವಾದ ಅಳತೆಯಲ್ಲೇ ಸೀಮೆಸುಣ್ಣದಿಂದ ಬರೆಸಿದೆ. ಹಾಲ್, ಅಡುಗೆಮನೆ, ಬಚ್ಚಲು, ಬಾಗಿಲು, ಕಿಟಕಿ. ಕಾಕಾ ಗೋಡೆಗಳಿಗೆ ನೆರಳು ಹಾಕಿದರು.

ಜನ ಬಂದರು. ಎಲ್ಲರೂ ಬರೆದ ಬಾಗಿಲಿನ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬಂದರು. ಯಾರೂ ಹೇಳಿರಲಿಲ್ಲ. ಒಬ್ಬ ಮಾತಾಡುತ್ತ ನೇರವಾಗಿ ಬಚ್ಚಲಿನಿಂದ ಅಡುಗೆಮನೆಗೆ ನಡೆದ. "ಅಲ್ಲಿ ಗ್ವಾಡಿ ಐತೋ!" ಎಂದು ಹೆಂಗಸರು ಕೂಗಿದರು. ಅವನು ಬೆಚ್ಚಿ ಹಿಂದೆ ಸರಿದು, ಬಾಗಿಲಿನಿಂದ ಸುತ್ತಿ ಬಂದು, "ತಪ್ಪಾತ್ರಿ" ಎಂದ.

ರೊಟ್ಟಿ ಅಕ್ಕ ತಡವಾಗಿ ಬಂದಳು. ಚಪ್ಪಲಿ ಬಿಟ್ಟಳು. ಸೀರೆಯ ನೆರಿಗೆ ಎತ್ತಿ ಹಿಡಿದು, ಕಾಲು ಮೇಲೆತ್ತಿ, ತಲೆ ಬಗ್ಗಿಸಿ, ಬಯಲಿನಲ್ಲಿ ಬರೆದ ಕಿಟಕಿಯ ಮೂಲಕ ಒಳಗೆ ಬಂದಳು. ಮೈದಾನವೇ ನಕ್ಕಿತು. ಅವಳೂ ನಕ್ಕಳು. ಆಮೇಲೆ ಹಿಂದಿನ ಗೆರೆಯ ಹತ್ತಿರ ಹೋಗಿ ನಿಂತಳು.

"ಇದರ ಹಿಂದ ಏನೈತಿ ತಂಗಿ?"

"ಇನ್ನೊಂದು ಫ್ಲ್ಯಾಟ್."

"ಗುಡ್ಡ ಅಲ್ಲಲ್ಲ?"

"ಅಲ್ಲ."

"ಹಂಗಾರ ಅಡಗಿಮನಿ ಸಣ್ಣದಾದ್ರೂ ನಡೀತೈತಿ" ಎಂದಳು.

ಸಂಜೆ ಕಾಕಾ ಗೆರೆ ಅಳಿಸಲು ಹೋದರು. ಬರೆದ ಹಾಲ್‌ನ ನಡುವೆ ಒಬ್ಬ ಅಜ್ಜ ಬೀಡಿ ಸೇದುತ್ತ ಕಾಲು ಚಾಚಿ ಕುಳಿತಿದ್ದ. ಏಳಿ ಎಂದರೆ ಏಳಲಿಲ್ಲ. "ಮೂವತ್ತು ವರ್ಷ ಆತು ಈ ಊರಿಗೆ ಬಂದು. ನನಗೂ ಕಾಯ್ದೆ ಗೊತ್ತೈತಿ. ಒಮ್ಮೆ ಒಳಗ ಕೂತಾಂವನ್ನ ನೋಟೀಸ್ ಇಲ್ದ ಎಬಸಾಕ ಬರಂಗಿಲ್ಲ."

ಕಾಕಾ ಅವನನ್ನು ಬಿಟ್ಟು ಸುತ್ತಲೂ ಅಳಿಸಿದರು.

೬. ಖುದ್ದು ಪರಿಶೀಲನೆ

ಕೊನೆಯ ದಿನ. ಪಟ್ಟಿ ಮುಚ್ಚುವುದು ಮಧ್ಯಾಹ್ನ ಹನ್ನೆರಡಕ್ಕೆ. ರೊಟ್ಟಿ ಅಕ್ಕನ ಗಂಡ ರಜೆ ಹಾಕಿ ಬಂದಿದ್ದ. ಬೆಳಗ್ಗೆಯಿಂದ ಉಳಿ, ಸುತ್ತಿಗೆ ಹಿಡಿದು ಬಾಗಿಲ ಮುಂದಿನ ಸಿಮೆಂಟನ್ನು ಒಡೆಯುತ್ತಿದ್ದ. ಬಾಗಿಲು ತಿರುಗಲು ಎಷ್ಟು ಬೇಕೋ ಅಷ್ಟು ಕಾಲು ವೃತ್ತವನ್ನು ನಾನು ಬರೆದುಕೊಟ್ಟಿದ್ದೆ. ಅಕ್ಕ ಒಳಗೆ ಇಳಕಲ್ ಸೀರೆ ಉಟ್ಟು ಕಾದಿದ್ದಳು.

ಅಧಿಕಾರಿ ಬಂದಾಗ ಹನ್ನೊಂದಾಗಿತ್ತು. ಸ್ಥೂಲ ದೇಹ, ಬಿಳಿ ಅಂಗಿ, ಕೈಯಲ್ಲಿ ಫೈಲು. ಗುಡ್ಡ ಹತ್ತಿ ಉಸಿರು ಬಿಡುತ್ತಿದ್ದರು. ಹಿಂದಿಯಲ್ಲಿ ಮೊದಲೇ ಹೇಳಿಬಿಟ್ಟರು. "ನೋಡಿ, ಕಿಟಕಿ ಗಿಟಕಿ ಎಲ್ಲಾ ನಡೆಯುವುದಿಲ್ಲ. ಬಾಗಿಲು ತೆರೆಯಲಿ, ನಾನು ನೋಡುತ್ತೇನೆ."

ಗೌಂಡಿ ಬೀಗ ತೆಗೆದು ಎರಡೂ ಕೈಯಿಂದ ಎಳೆದ. ಆರು ವರ್ಷದ ಬಾಗಿಲು ನರಳಿತು, ಅಲುಗಿತು, ತೆರೆಯಿತು. ಗಲ್ಲಿಯವರು ಚಪ್ಪಾಳೆ ತಟ್ಟಿದರು. ಅಕ್ಕ ಹೊಸ್ತಿಲು ದಾಟಿ ಹೊರಗೆ ಬಂದಳು. ಅಭ್ಯಾಸಬಲದಿಂದ ತಲೆ ಬಗ್ಗಿಸಿಯೇ ಬಂದಳು.

"ಠೀಕ್" ಎಂದರು ಅಧಿಕಾರಿ. "ಒಳಗಿನ ಅಳತೆ ತೆಗೆದುಕೊಂಡು ಸಹಿ ಮಾಡುತ್ತೇನೆ."

ಅವರು, ನಾನು, ಅಕ್ಕ ಒಳಗೆ ಹೋದೆವು. ಗೌಂಡಿ ಮತ್ತು ಕಾಕಾ ಹೊರಗೆ ನಿಂತರು. ನಾನು ಟೇಪಿನ ಒಂದು ತುದಿ ಹಿಡಿದೆ, ಅಧಿಕಾರಿ ಇನ್ನೊಂದು.

ನನ್ನ ಲೆಕ್ಕದಲ್ಲಿ ಒಂದು ಸಂಗತಿ ಬಿಟ್ಟುಹೋಗಿತ್ತು. ಗಲ್ಲಿಯ ಅಗಲ ಮೂರಡಿ. ಬಾಗಿಲೂ ಹೆಚ್ಚುಕಡಿಮೆ ಅಷ್ಟೇ. ಬಾಗಿಲು ತೆರೆದರೆ ಗಲ್ಲಿ ಮುಚ್ಚುತ್ತದೆ. ಮತ್ತು ಆ ಗುಡ್ಡದಲ್ಲಿ ನೀರು ಬರುವುದು ಹನ್ನೊಂದಕ್ಕೆ, ಇರುವುದು ಮುಕ್ಕಾಲು ಗಂಟೆ.

ಕೊಡ, ಡಬ್ಬ ಹಿಡಿದ ಹೆಂಗಸರ ಸಾಲು ಮೇಲಿನಿಂದ ಇಳಿದು ಬಂತು. ಬಾಗಿಲಿಗೆ ಬಂದು ನಿಂತಿತು.

"ಯಾರದವ್ವಾ ಇದು ಬಾಗಲಾ?"

"ನಮ್ಮದಽ. ಎರಡ ನಿಮಿಷ ತಡೀರಿ" ಎಂದ ಗೌಂಡಿ. "ಸಾಹೇಬ್ರು ಒಳಗ ಅದಾರ."

"ಸಾಹೇಬ್ರು ಒಳಗ ಇರ್ಲಿ. ಬಾಗಲಾ ಯಾಕ ಹೊರಗೈತಿ?"

ಗೌಂಡಿ ಉತ್ತರ ಹುಡುಕುವಷ್ಟರಲ್ಲಿ ಆರು ಹೆಂಗಸರು ಹೆಗಲು ಕೊಟ್ಟು ನೂಕಿದರು. ಬಾಗಿಲು ಮುಚ್ಚಿತು. ಮುಚ್ಚಿದ್ದಷ್ಟೇ ಅಲ್ಲ, ಚೌಕಟ್ಟಿನೊಳಗೆ ಕಚ್ಚಿಕೊಂಡು ಕೂತಿತು. ನೀರಿನ ಸಾಲು ಮುಂದೆ ಹೋಯಿತು. ಗೌಂಡಿ ಹಿಡಿ ಹಿಡಿದು ಎಳೆದ. ಹಿಡಿ ಕೈಗೆ ಬಂತು, ಬಾಗಿಲು ಬರಲಿಲ್ಲ.

ಒಳಗೆ ಕತ್ತಲು. ನಾವು ಒಳಗಿನಿಂದ ನೂಕಿದರೂ ಅದು ಅಲುಗಲಿಲ್ಲ. ಅಧಿಕಾರಿಯ ಧ್ವನಿ ಬಂತು. "ದರವಾಜಾ ಖೋಲೋ!"

"ಅರ್ಧ ಗಂಟೆ ಆಗುತ್ತದೆ ಸಾಹೇಬ್, ಉಳಿ ಹಚ್ಚಬೇಕು" ಎಂದು ಹೊರಗಿನಿಂದ ಕಾಕಾ.

ಅಧಿಕಾರಿ ಮೊಬೈಲಿನಲ್ಲಿ ಗಂಟೆ ನೋಡಿಕೊಂಡರು. ಹನ್ನೆರಡರೊಳಗೆ ಅವರು ಇನ್ನೂ ಎರಡು ಮನೆ ನೋಡಬೇಕಿತ್ತು. ಅಕ್ಕ ಕಿಟಕಿಯ ಕದ ತೆರೆದಳು, ನೆರಿಗೆ ಎತ್ತಿದಳು, ಇಟ್ಟಿಗೆ ಮೇಲೆ ಒಂದು ಕಾಲಿಟ್ಟಳು, ಮರುಕ್ಷಣ ಹೊರಗಿದ್ದಳು. ಅಲ್ಲಿಂದ ಕೈ ಚಾಚಿದಳು.

"ಬರ್ರಿ ಸಾಹೇಬ್ರ. ಮೊದಲ ಫೈಲು ಕೊಡ್ರಿ. ಆಮ್ಯಾಲೆ ಎಡಗಾಲು. ಆಮ್ಯಾಲೆ ತಲಿ. ಆಮ್ಯಾಲೆ ಉಳಿದದ್ದು."

ನಾನು ಹಿಂದಿಗೆ ತರ್ಜುಮೆ ಮಾಡಿದೆ. ಫೈಲು ಹೋಯಿತು. ಎಡಗಾಲು ಹೋಯಿತು. ತಲೆಯೂ ಹೋಯಿತು. ಉಳಿದದ್ದು ನಿಂತಿತು. ಅಷ್ಟರಲ್ಲಿ ಕೊಡ ತುಂಬಿಕೊಂಡ ಹೆಂಗಸರು ವಾಪಸು ಬಂದರು. ಕೊಡ ಕೆಳಗಿಟ್ಟು ಸುತ್ತ ನೆರೆದರು.

"ಉಸಿರು ಬಿಡ್ರಿ ಸಾಹೇಬ್ರ, ಪೂರಾ ಬಿಡ್ರಿ!"

"ಎಡಕ್ಕ ಹೊರಳ್ರಿ. ಗ್ಯಾಸ್ ಸಿಲಿಂಡರ್ ಹಿಂಗ ತರತಾಳ ಅಕಿ."

"ಎಳೀಬ್ಯಾಡ್ರೇ, ಅಂಗಿ ಹರೀತೈತಿ!"

ಒಳಗಿನಿಂದ ನಾನು, ಹೊರಗಿನಿಂದ ಗೌಂಡಿ. ಒಂದು, ಎರಡು, ಮೂರು. ಅಧಿಕಾರಿ ಗಲ್ಲಿಯಲ್ಲಿದ್ದರು. ಬಿಳಿ ಅಂಗಿಯ ಎದೆಯ ಮೇಲೆ ಜೋಳದ ಹಿಟ್ಟು, ಬೆನ್ನ ಮೇಲೆ ಸುಣ್ಣ.

ಯಾರೂ ನಗಲಿಲ್ಲ. ನಗಲು ಧೈರ್ಯ ಬರಲಿಲ್ಲ. ಅಕ್ಕನ ಮುಖ ಬಿಳಚಿತ್ತು. ಅಧಿಕಾರಿ ಕೇಳಿದ್ದು ಬಾಗಿಲೊಂದನ್ನೇ. ಅದು ಈಗ ಮೊದಲಿಗಿಂತ ಗಟ್ಟಿಯಾಗಿ ಮುಚ್ಚಿತ್ತು. "ಸಾಹೇಬ್ರ, ತೆರದಿತ್ತಲ್ರಿ ಬಾಗಲಾ. ನೀವ ನೋಡೀರಿ" ಎಂದಳು.

ನಾನೂ ಕಿಟಕಿಯಿಂದ ಇಳಿದು ಬಂದು ಅದನ್ನು ಹಿಂದಿಯಲ್ಲಿ ಹೇಳಿದೆ. ಅಧಿಕಾರಿ ಬಾಗಿಲು ನೋಡಿದರು. ಕಿಟಕಿ ನೋಡಿದರು. ತಮ್ಮ ಹೊಟ್ಟೆ ಸವರಿಕೊಂಡರು.

"ಆರು ವರ್ಷದಿಂದ ದಿನಾ ಹೀಗೆಯೇ?"

"ದಿನಾ ಹತ್ತ ಸಲ."

"ನೀರಿನ ಕೊಡ ಹಿಡಿದುಕೊಂಡು?"

"ಕೊಡ ಮೊದಲ ಒಳಗ ಇಡ್ತೀನ್ರಿ. ಆಮ್ಯಾಲೆ ನಾ."

ಅಧಿಕಾರಿ ಒಂದು ಕೊಡದ ಮೇಲೆ ಫೈಲು ಇಟ್ಟು, ಪೆನ್ನು ತೆಗೆದು, ಫಾರ್ಮಿನಲ್ಲಿ ಮರಾಠಿಯಲ್ಲಿ ಎರಡು ಸಾಲು ಬರೆದರು. ಸಹಿ ಮಾಡಿದರು. ದಿನಾಂಕ ಹಾಕಿ ಫಾರ್ಮನ್ನು ನನ್ನ ಕೈಗೆ ಕೊಟ್ಟರು. "ನಂಬರು ಬರೆಯಿರಿ" ಎಂದು ಕಾಕಾನಿಗೆ ಹೇಳಿ ಮುಂದಿನ ಮನೆಗೆ ನಡೆದರು. ಕಾಕಾ ಬ್ರಷ್ಷು ಅದ್ದಿಕೊಂಡು, ಎಲ್ಲಿ ಬರೆಯಬೇಕೆಂದು ತಿಳಿಯದೆ ನನ್ನತ್ತ ನೋಡಿದರು.

"ಏನ್ ಬರದಾರ ತಂಗಿ? ಬಂತೋ ಇಲ್ಲೋ?" ಅಕ್ಕ ನನ್ನ ತೋಳು ಹಿಡಿದಿದ್ದಳು.

ಮನೆ ಪಟ್ಟಿಗೆ ಸೇರಿತ್ತು. ನಾನು ಫಾರ್ಮನ್ನು ಗಲ್ಲಿಗೆಲ್ಲ ಕೇಳುವಂತೆ ಕನ್ನಡದಲ್ಲಿ ಓದಿದೆ:

"ಈ ಮನೆಯ ಮುಖ್ಯದ್ವಾರ ಕಿಟಕಿಯೇ ಆಗಿರುತ್ತದೆ. ಖುದ್ದಾಗಿ ಬಳಸಿ ಖಚಿತಪಡಿಸಿಕೊಂಡಿದ್ದೇನೆ."